ಮಂಟಪಕ್ಕೆ ಕಟ್ಟಿದ ಹಾಯಿ

ಬೆಳಗಿನಿಂದ ಕಮಲಾಕರ ಹೆಗಡೆಯ ಮೊಣಕಾಲುಗಳು ಮುನ್ನೂರು ಸಲ ಮಡಚಿ ಮುನ್ನೂರು ಸಲ ಬಿಚ್ಚಿದ್ದವು. ಪುಣ್ಯಾಹಕ್ಕೆ ಕೂತು ಎದ್ದದ್ದಾಯಿತು, ನಾಂದಿಗೆ ಕೂತು ಎದ್ದದ್ದಾಯಿತು, ದಿಬ್ಬಣ ಬಂದಾಗ ಅಂಗಳದ ತುದಿಗೆ ಓಡಿ ಬೀಗರೆದುರು ಬಗ್ಗಿದ್ದಾಯಿತು. ಈಗ ಮಂಟಪದ ಮಣೆಯ ಮೇಲೆ ಹೆಂಡತಿ ವಿನೋದೆಯ ಪಕ್ಕದಲ್ಲಿ ಕೂತು, ಪುರೋಹಿತ ರಾಮ ಭಟ್ಟರು ಇನ್ನೊಂದು ಸಲ 'ಎದ್ದು ನಿಂತ್ಕಳಿ' ಎಂದರೆ ಈ ಎರಡೂ ಕಾಲು ಬುಡದಿಂದ ಕಳಚಿ ಅಗ್ನಿಗೆ ಉರುಳುವುದು ಖಂಡಿತ ಎಂದು ಕಾಯುತ್ತಿದ್ದ. ಮದುವೆ ಅವನ ಮಗಳದಲ್ಲ. ಅವನಿಗೆ ಮಕ್ಕಳಿಲ್ಲ. ಮದುಮಗಳು ವೇದಾ ತ್ಯಾಗಲಿಯ ಅಣ್ಣ ಸುಬ್ರಾಯ ಹೆಗಡೆಯ ಕಡೆಯ ಮಗಳು. ಅತ್ತಿಗೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಹೆಂಡತಿಯಿಲ್ಲದ ಗಂಡಸು ಒಬ್ಬನೇ ಕೂತು ಮಗಳನ್ನು ಧಾರೆ ಎರೆಯುವ ಪದ್ಧತಿ ಈ ಮನೆತನದಲ್ಲಿಲ್ಲ, ದಂಪತಿ ಬೇಕು. ಮಕ್ಕಳಿಲ್ಲದ, ಸಿದ್ದಾಪುರದ ಬಾಡಿಗೆ ಮನೆಯಲ್ಲಿ ಇಬ್ಬರೇ ಇರುವ, ಕರೆದಾಗ ಬರುವ ದಂಪತಿ ಎಂದರೆ ಇವರೇ. ಅಣ್ಣನ ಹೆಣ್ಣುಮಕ್ಕಳಾಯಿತು, ಅಣ್ಣನ ಷಡ್ಡಕನ ಮಗಳಾಯಿತು, ಎಲ್ಲಿಯದೋ ದಾಯಾದಿಯ ತಂಗಿಯಾಯಿತು. ಸೂರ್ಯಚಂದ್ರರ ಕೆಳಗೆ ತನ್ನಷ್ಟು ಕನ್ಯಾದಾನ ಮಾಡಿದ ಮನುಷ್ಯ ಇನ್ನೊಬ್ಬನಿಲ್ಲ, ನೂರಾ ಎಂಟು ಮುಗಿಯಿತು, ಸ್ವರ್ಗದ ಬಾಗಿಲು ತನಗಾಗಿ ತೆಗೆದೇ ಇಟ್ಟಿದ್ದಾರೆ ಎಂದು ಕಮಲಾಕರ ಕಚೇರಿಯಲ್ಲಿ ಹೇಳಿಕೊಂಡಿದ್ದ. ನಿಜಕ್ಕೆ ಇದು ಎಂಟನೆಯದು. ಎಂಟು ವರ್ಷಕ್ಕೆ ಎಂಟು.

ಕತ್ತೆತ್ತಿ ನೋಡಬಾರದೆಂದು ನಿರ್ಧರಿಸಿದ್ದ, ಆದರೂ ಎತ್ತಿದ. ತಲೆಯ ಮೇಲೆ ಮಂಟಪದ ನಾಲ್ಕು ಕಂಬಕ್ಕೆ ಬಿಗಿದ ಮೇಲ್ಕಟ್ಟಾಗಿ ಅವರ ದೋಣಿಯ ಹಾಯಿ ಇತ್ತು. ಮತ್ತಿಯ ತೊಗಟೆಯ ನೀರಿನಲ್ಲಿ ಅದ್ದಿ ತೆಗೆದ ಕಂದು ಮಾಂಜರಪಾಟು ಬಟ್ಟೆ, ಪಟ್ಟಿಗೆ ಪಟ್ಟಿ ಸೇರಿಸಿ ಹೊಲಿದದ್ದು, ಅಂಚಿನ ಸುತ್ತ ಹೆಬ್ಬೆರಳು ದಪ್ಪದ ಹಗ್ಗ. ಅದನ್ನು ವಿನೋದಾ ಸಿದ್ದಾಪುರದ ಮನೆಯಲ್ಲಿ ಕಾಲು ಮಿಷನ್ನಿನ ಮೇಲೆ ಮೂರು ವರ್ಷ ಹೊಲಿದಿದ್ದಳು. ಕಮಲಾಕರನ ಲೆಕ್ಕದಲ್ಲಿ ಅದಕ್ಕೆ ಹೋದ ನೂಲನ್ನು ಬಿಚ್ಚಿ ಎಳೆದರೆ ಕಾಶಿಯವರೆಗೆ ಹೋಗಿ ಸಿರ್ಸಿಗೆ ತಿರುಗಿ ಬರಬಹುದಿತ್ತು. ಇದನ್ನು ಮದುವೆಗೆ ಕೊಡಿ ಎಂದು ಯಾರೂ ಕೇಳಿರಲಿಲ್ಲ. ಪುಷ್ಯಮಾಸದಲ್ಲಿ ಒಂದು ಸಂಜೆ ಅಣ್ಣನ ಜಗಲಿಯಲ್ಲಿ ಚಪ್ಪರದ ಮಾತು ಬಂದಾಗ ಕಮಲಾಕರನೇ ಎಲೆಯಡಿಕೆ ಉಗಿದು ಬಂದು, "ಚಪ್ಪರ ಎಂತಕ್ಕೆ ಅಣ್ಣಾ? ಎಂಗಳ ಹಾಯಿ ಒಂದು ಕಟ್ಟಿದ್ರೆ ನಾಕು ಸಾವಿರ ಜನ ನೆರಳಲ್ಲಿ ಕೂತು ಉಂಡು ಅಲ್ಲೇ ಮಲಗಲಕ್ಕು" ಅಂದಿದ್ದ. ಹೇಳುವಾಗ ಆ ಹಾಯಿ ಅವನ ಕಣ್ಣೆದುರು ನಿಜವಾಗಿಯೂ ಅಷ್ಟು ದೊಡ್ಡದಾಗಿತ್ತು, ಇಡೀ ತ್ಯಾಗಲಿಯನ್ನು ಮುಚ್ಚಿ ಅದರ ಸೆರಗು ಗದ್ದೆಗಳಾಚೆ ಹರಡಿತ್ತು. ನಂಬುವ ಸ್ವಭಾವದ ಸುಬ್ರಾಯ ಅರ್ಧ ಅಂಗಳಕ್ಕೆ ಮಾತ್ರ ಚಪ್ಪರ ಹಾಕಿಸಿ ಉಳಿದರ್ಧವನ್ನು ತಮ್ಮನ ಮಾತಿಗೆ ಬಿಟ್ಟ. ನಿನ್ನೆ ಮಧ್ಯಾಹ್ನ ಹಾಯಿಯನ್ನು ಬಿಚ್ಚಿ ಹರಡಿದಾಗ ಅದು ಮಂಟಪವನ್ನು ಮುಚ್ಚಿತು. ಮಂಟಪವನ್ನಷ್ಟೇ. ಮೂರು ಕೋನದ ಬಟ್ಟೆಯಾದ್ದರಿಂದ ಒಂದು ಮೂಲೆ ಅದಕ್ಕೂ ಸಾಲದೆ ಅಣ್ಣನ ಹಳೆಯ ಪಂಚೆಯೊಂದನ್ನು ಸೇರಿಸಿ ಕಟ್ಟಬೇಕಾಯಿತು. ಹತ್ತಿಪ್ಪತ್ತು ಜನ ಸುಮ್ಮನೆ ನಿಂತು ಮೇಲೆ ನೋಡಿದರು. ತಂದೆಯ ತಂಗಿ ವೆಂಕಮ್ಮತ್ತೆ ಮಾತ್ರ ಸುಮ್ಮನಿರಲಿಲ್ಲ.

"ಇಷ್ಟೇಯನಾ ಕಮಲಾಕರಾ? ನಾಕು ಸಾವಿರ ಕೂರ್ತು ಹೇಳಿದ್ಯಲಾ, ಇರುವೆ ಆಗಿಕ್ಕು."

ಜನ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ. ಇದು ಚಿಕ್ಕ ಹಾಯಿ, ದೊಡ್ಡದು ತದಡಿ ಬಂದರಲ್ಲೇ ಇದ್ದು ಅಂದ. ದೊಡ್ಡದೆಂಬುದು ಇರಲಿಲ್ಲ. ವಿನೋದಾ ಏಣಿಯ ಮೇಲೆ ನಿಂತು ಹಗ್ಗಕ್ಕೆ ತನ್ನದೇ ಒಂದು ಗಂಟು ಹಾಕುತ್ತಿದ್ದಳು. ಅವಳು ತಿರುಗಿ ನೋಡಲಿಲ್ಲ. ಇಂದು ಬಂದ ನೆಂಟರಲ್ಲಿ ಅರ್ಧ ಜನ ತಲೆಯ ಮೇಲೆ ಟವೆಲು ಹಾಕಿಕೊಂಡು ಬಿಸಿಲಲ್ಲಿ ಕೂತಿದ್ದರು. ಪ್ರತಿಯೊಂದು ಟವೆಲೂ ತನ್ನ ಕಡೆಗೇ ತಿರುಗಿದೆ ಎಂದು ಕಮಲಾಕರನಿಗೆ ಅನ್ನಿಸುತ್ತಿತ್ತು.

ಗಾಳಿಯಿರಲಿಲ್ಲ. ಹಾಯಿ ಹೊಟ್ಟೆಗಿಲ್ಲದ ಎತ್ತಿನ ಹಾಗೆ ಜೋತಿತ್ತು. ತದಡಿಯಲ್ಲಿ ಈಗ ಹೇಗಿರಬಹುದು? ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ ಅವನು ಅಲ್ಲಿಯ ಬಂದರು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಹತ್ತು ವರ್ಷ. ಘಟ್ಟದ ಮೇಲಿನ ಹುಡುಗಿ ವಿನೋದಾ ಮೊದಲ ತಿಂಗಳು ಉಪ್ಪುಗಾಳಿಗೆ ಬಾಗಿಲು ಹಾಕಿಕೊಂಡು ಕೂತಿದ್ದವಳು, ಎರಡನೆಯ ವರ್ಷಕ್ಕೆ ಮೀನುಗಾರ ಹರಿಕಂತ್ರರ ಕೆರಿಯನ ದೋಣಿಯಲ್ಲಿ ಅಘನಾಶಿನಿ ಕಡಲು ಸೇರುವ ಅಳಿವೆಯವರೆಗೆ ಹೋಗಿ ಬಂದಿದ್ದಳು. ನಾಲ್ಕನೆಯ ವರ್ಷ ಕೆರಿಯ ಒಂದು ಹಳೆಯ ದೋಣಿಯನ್ನು ಅವರಿಗೆ ಕೊಡಿಸಿದ. ಕಮಲಾಕರ ಅದನ್ನು ಹಡಗು ಎನ್ನುತ್ತಿದ್ದ, ಅರವತ್ತು ಅಡಿ ಎನ್ನುತ್ತಿದ್ದ. ವಿನೋದಾ ದೋಣಿ ಎನ್ನುತ್ತಿದ್ದಳು. ಕೆರಿಯ ಯಾರು ಕೇಳಿದರೂ 'ಅದು ಅಮ್ಮನ ದೋಣಿ' ಎನ್ನುತ್ತಿದ್ದ. ಅಮ್ಮ ಗಾಳಿ ಮೂಸೂದು ಕಲ್ತ್ರು, ಒಡೆಯರಿಗೆ ಇನ್ನೂ ಮೂಗು ಬಿಟ್ಟಿಲ್ಲ, ಎಂದು ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದ. ಜಿಲ್ಲೆ ಮೈಸೂರಿಗೆ ಸೇರಿದ ವರ್ಷ ಇವನನ್ನು ಸಿದ್ದಾಪುರದ ಮಾಮಲೇದಾರ ಕಚೇರಿಗೆ ವರ್ಗ ಮಾಡಿದರು. ಕಡಲಿಲ್ಲದ ಊರಿಗೆ ಬಂದ ಮೇಲೆಯೇ ಕಡಲ ಮಾತು ಹೆಚ್ಚಾದದ್ದು. ಪಡುವಣಕ್ಕೆ ಹೋದರೆ ಅಮೀನದೀವಿಯ ನಡುಗಡ್ಡೆಗಳು, ಅಲ್ಲಿಂದ ಮುಂದೆ ಆಫ್ರಿಕಾ; ರಜೆ ಕೂಡಿಸಿ ಹೊರಟೇ ಬಿಡುತ್ತೇವೆ ಎಂದು ಅವನು ಕಚೇರಿಯಲ್ಲಿ, ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಹೇಳಿ ಹೇಳಿ, ಆಫ್ರಿಕಾಕ್ಕೆ ಹೋಗಿ ಬಂದವನ ಗತ್ತು ಹೋಗದೆಯೇ ಬಂದುಬಿಟ್ಟಿತ್ತು.

ಹೋಗಲು ಬಿಟ್ಟವರಾರು? ಕಡಲು ತೆರೆಯುವುದು ನೂಲುಹುಣ್ಣಿಮೆಯ ನಂತರ. ದೂರದ ಪ್ರಯಾಣಕ್ಕೆ ಗಾಳಿ ಹದವಾಗುವುದು ಸಂಕ್ರಾಂತಿ ಕಳೆದು. ಮದುವೆ ಶುರುವಾಗುವುದೂ ಸಂಕ್ರಾಂತಿ ಕಳೆದೇ. ಮಳೆಗಾಲದಲ್ಲಿ ಒಂದು ಮದುವೆಯಿಲ್ಲ, ಒಂದು ದೋಣಿಯೂ ಇಲ್ಲ. ಬ್ರಹ್ಮ ಕಡಲನ್ನೂ ಮದುವೆಯನ್ನೂ ಒಂದೇ ಪಂಚಾಂಗದಲ್ಲಿ ಹಾಕಿ ಕಮಲಾಕರ ಹೆಗಡೆಯ ಹಣೆಗೆ ಅಂಟಿಸಿದ್ದ. ವಿನೋದಾ ಪ್ರತಿ ವರ್ಷ ಕಾರ್ತಿಕದಲ್ಲಿ ಡಬ್ಬಿಗಳನ್ನು ತುಂಬುತ್ತಿದ್ದಳು: ಹುರಿದ ಅವಲಕ್ಕಿ, ಹಲಸಿನ ಹಪ್ಪಳ, ಬೆಲ್ಲ, ಅಪ್ಪೆಮಿಡಿ. ಅಟ್ಟದ ಮೇಲೆ ಸಾಲಾಗಿಟ್ಟು ಅವುಗಳಿಗೆ ಸಮುದ್ರದ ಡಬ್ಬಿ ಎಂದು ಹೆಸರಿಟ್ಟಿದ್ದಳು. ಪ್ರತಿ ವರ್ಷ ಮಾಘದಲ್ಲಿ ಯಾರದೋ ಮನೆಯಿಂದ ಕರೆ ಬರುತ್ತಿತ್ತು, ಡಬ್ಬಿಗಳು ಒಂದೊಂದಾಗಿ ಇಳಿದು ಯಾರದೋ ಮದುವೆಮನೆಯ ಉಗ್ರಾಣಕ್ಕೆ ಹೋಗುತ್ತಿದ್ದವು. ಹಪ್ಪಳ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಕಳೆದ ವರ್ಷ ಅವಳು ಖಾಲಿ ಡಬ್ಬಿಗಳನ್ನು ಮತ್ತೆ ಅಟ್ಟಕ್ಕೆ ಏರಿಸಿ ಇಳಿದು ಬಂದು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ದಣಿದವಳು ಕೂತ ಹಾಗೆ ಕೂತಿದ್ದಳು. ಕಮಲಾಕರ ಬಾಗಿಲಲ್ಲೇ ನಿಂತು, ಮುಂದಿನ ವರ್ಷ ಆನು ಯಮ ಬಂದರೂ ನಿಲ್ಲುವವನಲ್ಲ ಎಂದು ಹೇಳಿದ್ದ.

ಈ ವರ್ಷವೇ ಆ ಮುಂದಿನ ವರ್ಷ. ಮೂರು ತಿಂಗಳ ರಜೆ ಮಂಜೂರಾಗಿತ್ತು. ಇಷ್ಟು ಉದ್ದದ ರಜೆ ಇನ್ನೊಮ್ಮೆ ಸಿಗುವುದಿಲ್ಲ ಎಂದು ಸಾಹೇಬರು ನೇರವಾಗಿ ಹೇಳಿದ್ದರು. ಕೆರಿಯ ದೋಣಿಯ ಸಂದುಗಳಿಗೆಲ್ಲ ಹತ್ತಿ ತುಂಬಿ ಕೂತಿದ್ದ. ಕಳೆದ ದೀಪಾವಳಿಗೆ ಹೋದಾಗ ಮರಳಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳೆಣಿಸಿ ಹೇಳಿದ್ದ: "ಹೋಳಿ ಹುಣ್ಣಿಮೆ ಒಳಗೆ ಹೊರಟ್ರೆ ಹೋಗೂಕೂ ಆಯ್ತು, ಬರೂಕೂ ಆಯ್ತು. ಯುಗಾದಿ ದಾಟ್ತೋ, ಮಳೆ ಒಳಗೆ ತಿರುಗಿ ಬರೂಕೆ ಆಗೂದಿಲ್ಲ ಒಡೆಯಾ." ಆಮೇಲೆ ಪುಷ್ಯದ ಆ ಸಂಜೆ, ಅದೇ ಜಗಲಿಯಲ್ಲಿ, ಹಾಯಿಯ ಮಾತಿಗೆ ಸ್ವಲ್ಪ ಮೊದಲು, ಸುಬ್ರಾಯ ಚೀಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ್ದ. "ತಮಾ, ಭಟ್ರು ಎರಡು ಮುಹೂರ್ತ ಕೊಟ್ಟಿದ್ದ. ಒಂದು ಮಾಘದಲ್ಲಿ ಇದ್ದು, ಒಂದು ಚೈತ್ರದಲ್ಲಿ. ಧಾರೆಗೆ ಕೂರವ್ವು ನಿಂಗನೇ ಅಲ್ದಾ, ನಿಂಗಳ ಸಮುದ್ರಕ್ಕೆ ಯಾವುದು ಅನುಕೂಲ ಹೇಳು. ಎಂಗೆ ಎರಡೂ ಅಡ್ಡಿಲ್ಲೆ." ಜಗಲಿಯಲ್ಲಿ ಇಬ್ಬರೇ ಇದ್ದರು. ಮಾಘ ಎಂದು ಹೇಳಲು ಎರಡಕ್ಷರ ಸಾಕಿತ್ತು. ಬಾಯಿ ತೆರೆದಾಗ ಚೈತ್ರ ಬಂತು. ಚೈತ್ರವೇ ಚೊಲೋ ಅಣ್ಣಾ, ನೆಂಟರಿಗೆ ಬಪ್ಪಲೆ ಸಸಾರ. ಮನೆಗೆ ಬಂದು ಹೆಂಡತಿಗೆ, ಇಡೀ ಪಂಚಾಂಗದಲ್ಲಿ ಒಂದೇ ಒಂದು ಮುಹೂರ್ತ ಇದ್ದು, ಎಂತ ಮಾಡ್ಲಕ್ಕು, ಎಂದು ಹಣೆ ಚಚ್ಚಿಕೊಂಡಿದ್ದ. ಅವಳು ಹೊಲಿಗೆ ಮಿಷನ್ನಿನ ಗಾಲಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ತಿರುಗಿಸಿದಳು.

ಎಂತಕ್ಕೆ ಹಾಗೆ ಹೇಳಿದೆ? ಮೂರು ತಿಂಗಳಿಂದ ಈ ಪ್ರಶ್ನೆ ನಲವತ್ತು ಸಾವಿರ ಸಲ ಬಂದು ಬಾಗಿಲು ತಟ್ಟಿ ಹೋಗಿತ್ತು. ಉತ್ತರ ಗೊತ್ತಿದ್ದರಿಂದಲೇ ಅವನು ಬಾಗಿಲು ತೆಗೆದಿರಲಿಲ್ಲ. ಮೂರು ವರ್ಷದ ಹಿಂದೆ, ಶಿವರಾತ್ರಿಯ ರಜೆಯಲ್ಲಿ, ಹಳೆಯ ಹಾಯಿ ಕಟ್ಟಿ ಅಳಿವೆ ದಾಟಿ ಹೊರಗೆ ಹೋದ ದಿನ. ನೆಲ ಕಣ್ಣಿಗೆ ಗೆರೆಯಾದಾಗ ಗಾಳಿ ಎದ್ದಿತು. ಊರಲ್ಲಿ ಅವನು ಹೇಳುವ ಕಥೆಯಲ್ಲಿ ಅಲೆ ತಾಳೆಮರದಷ್ಟು ಎತ್ತರ, ಹಾಯಿ ಕಟ್ಟಿದ ಕೂವೆಮರ ಮುರಿಯುವ ಹಾಗೆ ಬಗ್ಗಿತ್ತು, ಆನು ಚುಕ್ಕಾಣಿ ಹಿಡಿದು ಏಳು ತಾಸು ಕದಲಲಿಲ್ಲ. ಆ ಕಥೆಯನ್ನು ಕೇಳಿ ಕೋಲಸಿರ್ಸಿಯ ಶಾನುಭೋಗರು ಅವನಿಗೆ ಶಾಲು ಹೊದಿಸುವ ಮಾತಾಡಿದ್ದರು. ಅಲೆ ಎದೆಯ ಎತ್ತರಕ್ಕೆ ಇತ್ತು. ಚುಕ್ಕಾಣಿ ಹಿಡಿದವಳು ವಿನೋದಾ. ಅವನು ದೋಣಿಯ ತಳದಲ್ಲಿ, ಕಾಲು ಮಡಚಿ, ಕೂವೆಮರದ ಬುಡವನ್ನು ತಬ್ಬಿಕೊಂಡು, ಮೀನೆಣ್ಣೆಯ ನಾತದ ಕೊಳಕು ನೀರಿನಲ್ಲಿ ಕೆನ್ನೆಯಿಟ್ಟು ಮಲಗಿದ್ದ. ಅಮ್ಮಾ ಎಂದು ಕೂಗಿದ್ದ. ಸತ್ತು ಇಪ್ಪತ್ತು ವರ್ಷವಾದ ಅಮ್ಮನನ್ನು. ದಡಕ್ಕೆ ಬಂದಾಗ ಕೆರಿಯ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. ವಿನೋದಾ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಊರಲ್ಲಿ ಅವನು ಕಥೆ ಹೇಳುವಾಗ ಪಕ್ಕದಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದಳು, ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅಲ್ಲ ಎಂದಿದ್ದರೆ ಅವನಿಗೆ ಇಷ್ಟು ಸುಸ್ತಾಗುತ್ತಿರಲಿಲ್ಲವೇನೋ.

"ಕಮಲಾಕರ ಹೆಗಡೇರೇ, ಕೈ ಮುಂದೆ ಹಿಡೀರಿ," ಅಂದರು ರಾಮ ಭಟ್ಟರು.

ಹಿಡಿದ. ವರನ ಕೈ, ಅದರ ಮೇಲೆ ವೇದೆಯ ಕೈ. ಹುಡುಗಿಯ ಕೈ ಬೆವರಿತ್ತು. ಇವಳು ಚಿಕ್ಕವಳಿದ್ದಾಗ, ಅಪ್ಪಚ್ಚಿ, ನಿಂಗಳ ಹಡಗಿನಲ್ಲಿ ಆನೂ ಬತ್ತೆ, ಎಂದು ಅವನ ಬೆನ್ನು ಹತ್ತುತ್ತಿದ್ದಳು. ನಿನ್ನ ಮದುವೆ ಆಗದ್ದೇ ಹಡಗು ಹೊರಡ್ತಿಲ್ಲೆ ಎಂದು ಇವನೇ ತಮಾಷೆಗೆ ಹೇಳಿದ್ದ. ಯಾವ ದೇವರೋ ಕೇಳಿಸಿಕೊಂಡಿದ್ದ. ಬಿಸಿಲು ನೆತ್ತಿಗೆ ಏರಿತ್ತು. ಆಗ ಆ ವಾಸನೆ ಬಂತು.

ಮೊದಲು ಅದು ನೆನಪೆಂದು ಭಾವಿಸಿದ, ಆ ಶಿವರಾತ್ರಿಯ ದಿನದ ನೆನಪು ಮೂಗಿಗೆ ಹತ್ತಿದೆ ಎಂದು. ಇನ್ನೊಮ್ಮೆ ಬಂತು. ಮೇಲಿನಿಂದ. ಹಾಯಿಯ ಅಂಚಿನ ಹಗ್ಗದಿಂದ. ದೋಣಿಯ ಹಲಗೆಗೆ ಹರಿಕಂತ್ರರು ಮೀನೆಣ್ಣೆ ಬಳಿಯುತ್ತಾರೆಂಬುದು ಅವನಿಗೆ ಗೊತ್ತಿತ್ತು. ಎಂಗ ಹೊನ್ನೆಎಣ್ಣೆಯನ್ನೇ ಬಳಿಸುವುದು, ದೇವರ ದೀಪಕ್ಕೆ ಹಾಕಲೂ ಅಡ್ಡಿಲ್ಲೆ ಎಂದು ಮನೆಯವರಿಗೆ ಸಾರಿದ್ದ. ಹಗ್ಗವನ್ನೂ ಅದರಲ್ಲೇ ನೆನೆಸಿದ್ದಾರೆಂಬುದು ಹೊಳೆದೇ ಇರಲಿಲ್ಲ. ಹೊಳೆಯುವುದು ಹೇಗೆ, ಆ ನಾತಕ್ಕೆ ಹೆದರಿ ಎಣ್ಣೆ ಹಚ್ಚುವ ದಿನಗಳಲ್ಲಿ ಅವನು ಗೋಕರ್ಣಕ್ಕೆ ದೇವರ ದರ್ಶನಕ್ಕೆ ಹೋಗುತ್ತಿದ್ದ. ಸಿದ್ದಾಪುರದ ತಂಪು ಕೋಣೆಯಲ್ಲಿ ಮಡಚಿಟ್ಟ ಹಗ್ಗ ಸುಮ್ಮನಿತ್ತು, ಈಗ ಚೈತ್ರದ ಬಿಸಿಲಿಗೆ ಕಾದು ಬಾಯಿಬಿಟ್ಟಿತ್ತು. ಮೀನು ಎಂಬ ಶಬ್ದವನ್ನು ಆಡಿದರೆ ಬಾಯಿ ಮುಕ್ಕಳಿಸುವ ಮುನ್ನೂರು ಜನರ ನಡುವೆ, ಅಗ್ನಿಯ ಮೇಲೆ, ಕನ್ಯೆಯ ನೆತ್ತಿಯ ಮೇಲೆ. ಒಂದು ಹನಿ ಸೋರಿದರೆ? ಧಾರೆ ಮುಗಿಯುವ ಮೊದಲೇ ಯಾರಾದರೂ ಮೂಗು ಮುಚ್ಚಿಕೊಂಡರೆ? ಹುಡುಗಿಯ ಮದುವೆ ಅರ್ಧಕ್ಕೆ ನಿಂತರೆ? ತುಪ್ಪದ ಹೊಗೆ, ಸಂಪಿಗೆ, ಗಂಧ ಎಲ್ಲ ಸೇರಿ ಆ ವಾಸನೆಯನ್ನು ಹಿಡಿದಿಟ್ಟಿದ್ದವು. ಇನ್ನೆಷ್ಟು ಹೊತ್ತು ಹಿಡಿದಾವು? ಹೆಂಡತಿಯ ಕಡೆ ಹೊರಳಿದ.

ವಿನೋದಾ ಮೇಲೆ ನೋಡುತ್ತಿದ್ದಳು. ಧಾರೆನೀರಿನ ಗಿಂಡಿ ಅವಳ ಬಲಗೈಯಲ್ಲಿ ಬಾಗದೆ ನಿಂತಿತ್ತು. ಎಲ್ಲಿಂದಲೋ ಒಂದು ಗಾಳಿ ಬಂದು ಹಾಯಿಯ ಹೊಟ್ಟೆಗೆ ಕೈಹಾಕಿ ಎತ್ತಿತು; ಮೂರು ವರ್ಷದ ಹೊಲಿಗೆ ಮೊದಲ ಸಲ ಉಸಿರೆಳೆದುಕೊಂಡಿತು. ನಾಲ್ಕೂ ಕಂಬ ಕಿರುಗುಟ್ಟಿದವು. ಅವಳ ಎಡಗೈ ಅವನ ಶಲ್ಯದ ತುದಿಯನ್ನು ಹುಡುಕಿ ಹಿಡಿದು, ಹಾಯಿಯ ಹಗ್ಗವೆಂಬಂತೆ ಮುಂಗೈಗೆ ಒಂದು ಸುತ್ತು ಸುತ್ತಿ, ಬಿಗಿಯಾಗಿ ಎಳೆಯಿತು, ಮೆಲ್ಲನೆ ಸಡಿಲಿಸಿತು, ಮತ್ತೆ ಎಳೆಯಿತು. ಅವಳ ತುಟಿ ಸ್ವಲ್ಪ ತೆರೆದಿತ್ತು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಆ ಮುಖವನ್ನು ಅವನು ಒಂದೇ ಸಲ ನೋಡಿದ್ದ, ಅದೂ ದೋಣಿಯ ತಳದಿಂದ, ಕೆನ್ನೆ ನೀರಿನಲ್ಲಿಟ್ಟು.

"ಅಮ್ಮಾ, ನೀರು," ಅಂದರು ಭಟ್ಟರು. ಅವಳಿಗೆ ಕೇಳಲಿಲ್ಲ. "ವಿನೋದಮ್ಮಾ, ಮುಹೂರ್ತ ಮೀರ್ತು, ನೀರು ಬಿಡಿ."

ಅವಳು ಬೆಚ್ಚಿ ಗಿಂಡಿ ಬಗ್ಗಿಸಿದಳು. ನೀರು ಎಲ್ಲರ ಕೈಗಳ ಮೇಲೆ ಸುರಿಯಿತು. ಓಲಗ ಎದ್ದಿತು, ಅಕ್ಷತೆ ಬಿತ್ತು, ಸುಬ್ರಾಯ ಕಂಬದ ಹಿಂದೆ ನಿಂತು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಮುಗಿಯಿತು. ಎಂಟೂ ಮುಗಿಯಿತು.

ಊಟದ ಎರಡನೆಯ ಪಂಕ್ತಿಗೆ ಅಂಗಳದ ಬಿಸಿಲಲ್ಲಿ ಯಾರೂ ಕೂರಲಾರದೆ ಹಿರಿಯರಿಗೆಲ್ಲ ಮಂಟಪದಲ್ಲೇ ಎಲೆ ಹಾಕಿದರು. ಹಾಯಿಯ ಕೆಳಗೆ. ಕಮಲಾಕರ ಬೇಡ, ಒಳಗೆ ಹಾಕಿ ಎಂದು ಎರಡು ಸಲ ಹೇಳಿದ. ನಾಕು ಸಾವಿರ ಜನರ ನೆರಳಪ್ಪಾ, ನಾಕು ಮುದುಕ್ಯರಾದ್ರೂ ಕೂತ್ಕಳ್ತ್ಯ, ಅಂದಳು ವೆಂಕಮ್ಮತ್ತೆ. ಯಲ್ಲಾಪುರದಿಂದ ಬಂದ ಸೀತಮ್ಮ, ತೀರಿಹೋದ ದಾಯಾದಿ ತಮ್ಮನ ಹೆಂಡತಿ, ಬಾಗಿಲ ಸಂದಿನಲ್ಲಿ ಅವನಿಗಾಗಿ ಕಾದು ನಿಂತಿದ್ದಳು. "ಭಾವಾ, ವೈಶಾಖದಲ್ಲಿ ಎಂಗಳ ಕೂಸಿನ ಮದುವೆ ಇದ್ದು. ಎನ್ನ ಅವಸ್ಥೆ ನಿಂಗೊಕ್ಕೆ ಗೊತ್ತಿದ್ದಲಾ, ಧಾರೆಗೆ ಕೂರಲೆ ಯಾರೂ ಇಲ್ಲೆ. ನಿಂಗ ಇಬ್ರೂ ಬಂದು ಕೂತ್ರೆ ಎನಗೆ ಅಷ್ಟೇ ಸಾಕು." ಕಮಲಾಕರನ ಎದೆಯಲ್ಲಿ ಏನೋ ಹಿತವಾಗಿ ಹರಡಿತು. ವೈಶಾಖ. ರಜೆ ಅಲ್ಲಿಗೆ ಮುಗಿಯುತ್ತದೆ. ಹೋಗಬೇಕೆಂದರೂ ಹೋಗುವಂತಿಲ್ಲ, ವಿಧವೆಯ ಮಗಳು, ಧರ್ಮ, ಯಾರ ತಪ್ಪೂ ಅಲ್ಲ. ಹೂಂ ಎನ್ನಲು ಬಾಯಿ ತೆರೆದ. ಪಾಯಸದ ಪಾತ್ರೆ ಹಿಡಿದು ಪಂಕ್ತಿಯಲ್ಲಿ ಬಗ್ಗಿದ್ದ ವಿನೋದಾ ಅಲ್ಲಿಂದಲೇ ಇವನ ಬಾಯನ್ನು ನೋಡಿದಳು.

ಅಷ್ಟರಲ್ಲಿ ವೆಂಕಮ್ಮತ್ತೆ ತುತ್ತನ್ನು ಎಲೆಯ ಮೇಲೆ ಬಿಟ್ಟಳು. "ಎಂತ ನಾತವೇ ಇದು? ಎಲ್ಲಿಂದ ಬತ್ತಾ ಇದ್ದು?"

"ಹೊನ್ನೆಎಣ್ಣೆ ಅತ್ತೇ," ಕಮಲಾಕರ ಅಂಗಳದ ಈ ತುದಿಯಿಂದ ಕೂಗಿದ. "ಕಾದರೆ ಹಂಗೇ ಬತ್ತು."

"ಹೊನ್ನೆಎಣ್ಣೆ ದೀಪದಲ್ಲೇ ಬೆಳೆದವಳು ಆನು. ಎನಗೆ ಕಲಿಸಡ."

"ಮೀನೆಣ್ಣೆ ಅತ್ತೆ," ಅಂದಳು ವಿನೋದಾ.

ಪಾಯಸದ ಪಾತ್ರೆಯನ್ನು ನೆಲಕ್ಕಿಟ್ಟು ನೆಟ್ಟಗೆ ನಿಂತಳು. ಅಂಗಳದಲ್ಲಿ ಎಲೆಯ ಸದ್ದೂ ನಿಂತಿತು. "ಉಪ್ಪುನೀರಿಗೆ ಹಗ್ಗ ಕೊಳೆಯಲಾಗ ಹೇಳಿ ಹಚ್ಚಿದ್ದು. ಆನೇ ಹಚ್ಚಿದ್ದು, ಇದೇ ಕೈಯಲ್ಲಿ. ಮೂರು ವರ್ಷ ಆತು."

"ಈ ಕೈಯಲ್ಲೇಯಾ ನೀನು ಧಾರೆ ಎರೆದಿದ್ದು?"

"ಹೌದು. ಮೂರು ಕೂಸುಗಕ್ಕೆ."

ಯಾರೋ ಎದ್ದರು, ನೋಡುತ್ತಿದ್ದಂತೆ ಪಂಕ್ತಿ ಎದ್ದಿತು. ಬೀಗರ ಕಡೆಯ ಹಿರಿಯರೊಬ್ಬರು ಬಾವಿಯ ಕಡೆ ಓಡಿದರು. ಸುಬ್ರಾಯ ಜಗಲಿಯ ಮೆಟ್ಟಿಲ ಮೇಲೆ ಕೂತು, "ತಮಾ, ಎನ್ನ ಮಗಳ ಮದುವೆಲಿ ಹಿಂಗೆ ಮಾಡಿದ್ಯಲೋ" ಅಂದ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು, ಅದು ಬೈಗುಳವಾಗಿರಲಿಲ್ಲ. ಎಲ್ಲರೂ ರಾಮ ಭಟ್ಟರ ಮುಖ ನೋಡಿದರು. ಅವರು ಕೈ ತೊಳೆದು, ನಶ್ಯದ ಡಬ್ಬಿ ತಟ್ಟಿ, ನಿಧಾನವಾಗಿ ಏರಿಸಿ, ಎಂಗೆ ಮೂವತ್ತು ವರ್ಷದಿಂದ ಯಾವ ವಾಸನೆಯೂ ಗೊತ್ತಾಗ್ತಿಲ್ಲೆ, ಆ ಮಾತು ಬೇರೆ, ಅಂದರು. ಧಾರೆ ಆದ ಮದುವೆ ಆದದ್ದೇ. ಪಂಚಗವ್ಯ ಪ್ರೋಕ್ಷಣೆ ಮಾಡಿ, ಹೊಸ ಎಲೆ ಹಾಕಿ, ಉಣ್ಣಿ. ಆಮೇಲೆ ಇವರಿಬ್ಬರ ಕಡೆ ತಿರುಗಿ, ದನಿ ತಗ್ಗಿಸಿ, "ಇನ್ನು ಮುಂದೆ ಮಾತ್ರ ನಿಂಗಳ ಯಾರೂ ಮಣೆಗೆ ಕರೆಯಲಾಗ" ಅಂದರು. ಬಾಗಿಲ ಸಂದಿನಲ್ಲಿ ಸೀತಮ್ಮ ಇರಲಿಲ್ಲ.

ಹಾಯಿಯನ್ನು ಇಳಿಸಲು ಯಾರೂ ಕೈಹಾಕಲಿಲ್ಲ. ವಿನೋದಾ ಏಣಿ ತಂದು ತಾನೇ ಹತ್ತಿ ನಾಲ್ಕು ಗಂಟನ್ನೂ ಬಿಚ್ಚಿದಳು. ಪಂಚೆಯನ್ನು ಬೇರೆ ಮಾಡಿ ಮಡಚಿ ಮೆಟ್ಟಿಲ ಮೇಲಿಟ್ಟಳು. ಮದುಮಗಳು ವೇದಾ ಬಾಸಿಂಗ ಕಟ್ಟಿಕೊಂಡೇ ಹೊರಗೆ ಬಂದು, "ಚಿಕ್ಕೀ, ಎಂಗೆ ಎಂತ ನಾತವೂ ಬಂಜಿಲ್ಲೆ" ಎಂದು ಸುಳ್ಳು ಹೇಳಿ, ಯಾರೋ ಕರೆದಾಗ ಒಳಗೆ ಓಡಿದಳು. ಮನೆಯ ಹಿಂದಿನ ಕಣದಲ್ಲಿ ಹಾಯಿಯನ್ನು ಹರಡಿದರು. ಮಡಚಲು ಇಬ್ಬರು ಬೇಕು. ಒಬ್ಬರು ತುದಿ ಹಿಡಿದು ನಿಲ್ಲಬೇಕು, ಇನ್ನೊಬ್ಬರು ನಡೆದು ಬರಬೇಕು. ಕಮಲಾಕರ ತುದಿ ಹಿಡಿದು ನಿಂತ. ಹಗ್ಗದ ಜಿಡ್ಡು ಅಂಗೈಗೆ ಅಂಟಿತು.

"ಆ ವಾಸನೆ ಬಪ್ಪದು ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ನಿನ್ನೆಯೇ ಹೇಳಲಾಗಿತ್ತು. ಕಟ್ಟುವುದೇ ಬ್ಯಾಡ ಹೇಳಿ."

"ನಿನ್ನೆ ಸಂಜೆ ಹೇಳವು ಹೇಳಿ ಒಳಗೆ ಹೋದೆ. ಸುಬ್ರಾಯ ಭಾವ ಉಳಿದ ಲಗ್ನಪತ್ರಿಕೆ ಎಣಿಸ್ತಾ ಇದ್ದಿದ್ದ." ಅವಳು ಮಡಿಕೆಯನ್ನು ಹಿಡಿದು ಅವನ ಕಡೆಗೆ ನಡೆದು ಬಂದಳು, ಅಂಚಿಗೆ ಅಂಚು ಸೇರಿಸಿದಳು. "ಎರಡು ಮುಹೂರ್ತದಲ್ಲಿ ತಮ್ಮನೇ ಚೈತ್ರ ಹೇಳಿದ, ನಿಂಗಕ್ಕೆ ತ್ರಾಸಾತೇನ ಹೇಳಿ ಕೇಳಿದ. ವಾಸನೆ ಮಾತು ಅಲ್ಲಿಗೇ ಬಿಟ್ಟೆ."

ಕಮಲಾಕರನ ಬಾಯಿಗೆ ಏಳೆಂಟು ಕಥೆಗಳು ಒಟ್ಟಿಗೆ ಬಂದವು, ಎಲ್ಲವೂ ತಾಳೆಮರದೆತ್ತರದವು. ಯಾವುದೂ ಹೊರಗೆ ಬರುವಷ್ಟು ಗಟ್ಟಿಯಿರಲಿಲ್ಲ. ಅವಳ ಮುಖದಲ್ಲಿದ್ದದ್ದು ದಣಿವು. ಎಂಟು ವರ್ಷ ಡಬ್ಬಿ ಏರಿಸಿ ಇಳಿಸಿದ ದಣಿವು. "ಎನಗೆ ಹೆದರಿಕೆ ಆಗ್ತು ವಿನೋದಾ," ಅಂದ.

"ಅದು ಎನಗೆ ಗೊತ್ತಿದ್ದು." ಮತ್ತೆ ಆ ತುದಿಗೆ ನಡೆದಳು. "ಎನಗೂ ಆಗ್ತು. ಆದ್ರೂ ಆನು ನಾಳೆ ತದಡಿಗೆ ಹೋಗ್ತೆ."

"ಯುಗಾದಿ ದಾಟಿತಲೇ. ಕೆರಿಯ ಹೇಳಿದ್ದ—"

"ಮಳೆ ಒಳಗೆ ತಿರುಗಿ ಬಪ್ಪಲೆ ಆಗ್ತಿಲ್ಲೆ ಹೇಳಿದ್ದು ಅವ. ಹೋಪಲೆ ಆಗ್ತಿಲ್ಲೆ ಹೇಳಿ ಎಲ್ಲಿ ಹೇಳಿದ್ದ? ಮಳೆಗಾಲ ಅಲ್ಲೇ ಕಳೆದ್ರೆ ಆತು. ಅಲ್ಲೂ ಜನ ಇದ್ದ, ತೆಂಗಿನಮರ ಇದ್ದು."

"ರಜೆ ಮುಗಿದ ಮೇಲೆ?"

"ಕಚೇರಿ ಎಲ್ಲಿಗೆ ಹೋಗ್ತು? ಅಲ್ಲೇ ಇರ್ತು." ಹಗ್ಗವನ್ನು ಸುತ್ತಿ ಮಂಡಿಯಿಂದ ಒತ್ತಿ ಕಟ್ಟಿದಳು. "ನಿಂಗ ಬರವು ಹೇಳಿ ಇಲ್ಲೆ. ಕೆರಿಯ ಬತ್ತೆ ಹೇಳಿದ್ದ. ಎಂಟು ಸಲ ನಿಂಗಳ ಪಕ್ಕಕ್ಕೆ ಕೂತಿದ್ದೆ. ಇನ್ನು ಕೂರಲೆ ಯಾರೂ ಕರೆಯ. ಅಷ್ಟು ಸಾಕು ಎನಗೆ."

ಮರುದಿನ ಬೆಳಿಗ್ಗೆ ಸಿದ್ದಾಪುರದ ಸ್ಟ್ಯಾಂಡಿನಲ್ಲಿ ಕುಮಟೆಯ ಬಸ್ಸಿನ ನೆತ್ತಿಗೆ ಹಾಯಿಯನ್ನು ಏರಿಸಲು ಮೂರು ಜನ ಬೇಕಾದರು. ಆಮೇಲೆ ಡಬ್ಬಿಗಳು ಹೋದವು, ಈ ಸಲ ತುಂಬಿದ್ದವು. ಯಾರ ಮದುವೆಗೂ ಇಳಿಯದ ಡಬ್ಬಿಗಳು. ವಿನೋದಾ ಒಳಗೆ ಕಿಟಕಿಯ ಪಕ್ಕ ಕೂತಿದ್ದಳು, ಪಕ್ಕದ ಸೀಟಿನ ಮೇಲೆ ಚೀಲವಿಟ್ಟಿದ್ದಳು. ಯಾರಿಗಾಗಿ ಇಟ್ಟದ್ದೋ, ಸುಮ್ಮನೆ ಇಟ್ಟದ್ದೋ. ಕಮಲಾಕರ ಕೆಳಗೆ ನಿಂತಿದ್ದ, ಕೈಯಲ್ಲಿ ಕೊಡೆ, ಕಳಿಸಲು ಬಂದವನ ಹಾಗೆ. ಮೊಣಕಾಲು ಇನ್ನೂ ನೋಯುತ್ತಿತ್ತು. ಚಾದಂಗಡಿಯ ನಾಲ್ಕು ಪರಿಚಯದ ಮುಖಗಳು, ತ್ಯಾಗಲಿಯ ಸುದ್ದಿ ಆಗಲೇ ತಲುಪಿದ್ದ ಮುಖಗಳು, ಲೋಟದ ಮೇಲಿಂದ ನೋಡುತ್ತಿದ್ದವು. ಹಾವೇರಿ ಕಡೆಯ ಕಂಡಕ್ಟರ್ ಏಣಿಯಿಂದ ಇಳಿದು ಅಂಗೈ ಮೂಸಿಕೊಂಡ.

"ಏನ್ರೀ ಹೆಗಡೇರೇ ಇದು, ನಾಟಕದ ಪರದೇನ್ರೀ?"

"ಹಾಯಿ. ದೋಣಿಯದು."

"ಹೌದ್ರೀ? ಹಂಗಾರ ಆ ಆಫ್ರಿಕಾಕ್ಕ ಹೋಗೋ ಹಡಗ ನಿಮ್ದ ಏನ್ರೀ? ಅರವತ್ತ ಅಡಿ ಅಂತ ಮಂದಿ ಅಂತಿದ್ರು ಬಿಡ್ರಿ."

ಚಾದಂಗಡಿಯಲ್ಲಿ ಲೋಟಗಳು ನಿಂತವು. ಕಮಲಾಕರ ಕಿಟಕಿಯ ಕಡೆ ನೋಡಿದ. ಅವಳು ಎದುರಿನ ರಸ್ತೆಯನ್ನು ನೋಡುತ್ತಿದ್ದಳು, ಹೌದು ಎನ್ನದೆ, ಅಲ್ಲ ಎನ್ನದೆ.

"ಇಪ್ಪತ್ತೆರಡು ಅಡಿ," ಅಂದ. "ಆಫ್ರಿಕಾಕ್ಕಲ್ಲ, ಅಮೀನದೀವಿಗೆ."

"ಅಷ್ಟ ಸಣ್ಣದ್ರಾಗ? ನಡಸಾವ್ರು ಯಾರ್ರೀ, ನೀವಾ?"

"ಅಲ್ಲ. ಇವಳು."

"ಮತ್ತ ನೀವು?"

ಕಮಲಾಕರ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಬಾಗಿಲ ಸಲಾಕೆ ಹಿಡಿದು, ನೋಯುವ ಕಾಲನ್ನು ಮೊದಲ ಮೆಟ್ಟಿಲಿಗೆ ಎತ್ತಿಟ್ಟ.

"ತಳದಲ್ಲಿ ನೀರು ತುಂಬ್ತು," ಅಂದ. "ಅದನ್ನ ಮೊಗೆದು ಹೊರಗೆ ಚೆಲ್ಲಲೆ ಒಬ್ಬ ಬೇಕು."

ವಿನೋದಾ ಸೀಟಿನ ಮೇಲಿನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.